ಎಐ ಸಹಾಯಕನ ಕೈಗೆ ಸಂಘದ ನಡಾವಳಿ ಪುಸ್ತಕ ಕೊಡುವ ಮುನ್ನ

ಕಾಚಿಗೂಡ ಎಂದರೆ ಬೆಂಗಳೂರಿನವರಿಗೆ ನೆನಪಾಗುವುದು ರೈಲು. 2023ರ ಸೆಪ್ಟೆಂಬರ್‌ನಿಂದ ಇಲ್ಲಿಂದ ಯಶವಂತಪುರಕ್ಕೆ ವಂದೇ ಭಾರತ್ ಕೂಡ ಓಡುತ್ತಿದೆ. ಹೈದರಾಬಾದಿನಲ್ಲಿ ನೆಲೆಸಿದ ನಮಗೆ ಮಾತ್ರ ಕಾಚಿಗೂಡ ಎಂದರೆ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಓದಿಗೆ, ನೌಕರಿಗೆ ಆ ಕಡೆಯಿಂದ ಬಂದವರ ಮೊಮ್ಮಕ್ಕಳು ಇಂದಿಗೂ ಈ ಓಣಿಗಳಲ್ಲಿದ್ದಾರೆ.

ಇಲ್ಲಿನ ನಮ್ಮ ಪುಟ್ಟ ಗೆಳೆಯರ ಬಳಗದ ಬಳಿ ಕೆಲವು ಹಳೆಯ ನಡಾವಳಿ ಪುಸ್ತಕಗಳಿವೆ. ಎರಡು ವರ್ಷ ಭಾನುವಾರಗಳಲ್ಲಿ ಕೂತು ಅವನ್ನು ಕನ್ನಡದಲ್ಲಿ ಟೈಪ್ ಮಾಡಿದೆವು. ‘ಗ್ರಂಥಾಲಯ ಶುರು ಮಾಡಲು ಮೊದಲು ಯಾರು ಹೇಳಿದ್ದು?’ ಎಂದು ಕೇಳಿದರೆ ಹುಡುಕಿ ಹೇಳುವ ಎಐ ಸಹಾಯಕ ಬೇಕು ಎಂಬುದು ಎಲ್ಲರ ಆಸೆ. ಐಟಿಯವನೆಂದು ಕೆಲಸ ನನ್ನ ಪಾಲಿಗೆ ಬಂತು.

ಮೊದಲು ತಿಳಿಯಬೇಕಾದ್ದು ಒಂದಿದೆ. ಪರದೆಯ ಮೇಲೆ ನಮ್ಮೊಡನೆ ಮಾತಾಡುವ ಆಪ್ ಬೇರೆ, ಉತ್ತರ ಕಟ್ಟುವ ಭಾಷಾ ಮಾದರಿ ಬೇರೆ. ಆಪ್ ನಮ್ಮ ಲ್ಯಾಪ್‌ಟಾಪಿನಲ್ಲೇ ಇರಬಹುದು. ನಾವು ಓಪನ್ ವೆಬ್‌ಯುಐ ಎಂಬ ತಂತ್ರಾಂಶ ಹಾಕಿಕೊಂಡೆವು. ಮಾದರಿ ಇರುವುದು ಕ್ಲೌಡಿನಲ್ಲಿ, ಯಾವುದೋ ಡೇಟಾ ಸೆಂಟರಿನಲ್ಲಿ. ಎರಡನ್ನೂ ಜೋಡಿಸಲು ಮೂರೇ ವಿವರ ಸಾಕು: ಸೇವೆಯ ವಿಳಾಸ, ಎಪಿಐ ಕೀ, ಮಾದರಿಯ ಹೆಸರು. ಹತ್ತು ನಿಮಿಷದ ಕೆಲಸ. ಆದರೆ ಆ ಕೀ ಎಂದರೆ ನಿಮ್ಮ ಹೆಸರಿನಲ್ಲಿ ಬಿಲ್ ಏರಿಸುವ ಅಧಿಕಾರ. ಅದನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಸೇವೆಯ ಖಾತೆಯಲ್ಲಿ ಖರ್ಚಿಗೆ ತಿಂಗಳ ಮಿತಿ ಇಡುವ ಅವಕಾಶವಿದ್ದರೆ ಮೊದಲ ದಿನವೇ ಇಡಿ.

ಬಿಲ್ ಬರುವುದು ಟೋಕನ್ ಲೆಕ್ಕದಲ್ಲಿ. ಟೋಕನ್ ಎಂದರೆ ಮಾದರಿ ಓದಲು ಮಾಡಿಕೊಳ್ಳುವ ಪಠ್ಯದ ತುಣುಕು. ಕನ್ನಡಿಗರು ಗಮನಿಸಬೇಕಾದ್ದು ಇಲ್ಲಿದೆ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆಗೆ, ಕಾಗುಣಿತದ ಗುರುತಿಗೂ ಸೇರಿ, 3 ಬೈಟ್ ಬೇಕು. ‘ಕಾಚಿಗೂಡ’ ಎಂಬುದರಲ್ಲಿ ಅಂಥ 7 ಚಿಹ್ನೆಗಳು, ಅಂದರೆ 21 ಬೈಟ್. ರೈಲ್ವೆ ಫಲಕದ ಇಂಗ್ಲಿಷ್ ಹೆಸರಿಗೆ 9 ಸಾಕು. ತರಬೇತಿಯ ಪಠ್ಯದಲ್ಲಿ ಹೆಚ್ಚು ಕಂಡ ಭಾಷೆಯ ಪದಗಳು ಒಂದೆರಡು ಟೋಕನ್‌ಗಳಲ್ಲಿ ಮುಗಿಯುತ್ತವೆ. ಕಡಿಮೆ ಕಂಡ ಭಾಷೆಯವು ಚೂರು ಚೂರಾಗುತ್ತವೆ. ಒಂದೇ ಮಾತಿಗೆ ಕನ್ನಡದಲ್ಲಿ ಹೆಚ್ಚು ದುಡ್ಡು.

ಇದು ಸುಧಾರಿಸುತ್ತಿಲ್ಲ ಎಂದಲ್ಲ. 2024ರ ಮೇ ತಿಂಗಳಲ್ಲಿ ಓಪನ್‌ಎಐ ಜಿಪಿಟಿ-4ಓ ತಂದಾಗ 20 ಭಾಷೆಗಳ ಉದಾಹರಣೆ ಕೊಟ್ಟು, ತೆಲುಗಿನಲ್ಲಿ ಟೋಕನ್‌ಗಳು 3.5 ಪಟ್ಟು ಕಡಿಮೆಯಾಗಿವೆ ಎಂದಿತು. ತಮಿಳು, ಮರಾಠಿ, ಗುಜರಾತಿಯೂ ಆ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ. ಹಾಗಾಗಿ ಯಾವ ಮಾದರಿಯನ್ನೇ ಆರಿಸಿ, ನಿಮ್ಮದೇ ಒಂದು ಪುಟ ಕನ್ನಡ ಕೊಟ್ಟು ಎಷ್ಟು ಟೋಕನ್ ಆಗುತ್ತದೆ ಎಂದು ನೋಡಿ. ಜೊತೆಗೆ, ಒಂದೇ ಮಾತುಕತೆ ಮುಂದುವರಿಸಿದರೆ ಆಪ್ ಸಾಮಾನ್ಯವಾಗಿ ಪ್ರತಿ ಪ್ರಶ್ನೆಯೊಂದಿಗೆ ಹಿಂದಿನದೆಲ್ಲವನ್ನೂ ಮತ್ತೆ ಕಳಿಸುತ್ತದೆ. ಹೊಸ ವಿಷಯಕ್ಕೆ ಹೊಸ ಮಾತುಕತೆ ತೆರೆಯುವುದು ಲಾಭ.

ಇಷ್ಟೆಲ್ಲ ವಿವರಿಸಿದ ಮೇಲೆ ಬಳಗದ ಹಿರಿಯರೊಬ್ಬರು ಕೇಳಿದ್ದು ದುಡ್ಡಿನ ಮಾತಲ್ಲ. “ತಮ್ಮಾ, ಇದರಾಗ ಮಂದಿ ಮನಿ ಮಾತು ಅದಾವ. ಯಾರ ಮಗಳ ಮದುವಿಗೆ ಎಷ್ಟು ಸಾಲ ಕೊಟ್ವಿ, ಯಾರು ತಿರುಗಿ ಕೊಡಲಿಲ್ಲ, ಎಲ್ಲಾ ಬರದೈತಿ. ಅದೂ ಹೋಗ್ತದೇನು?”

ಹೋಗುತ್ತದೆ. ನಾವು ಕಳಿಸಿದ್ದೆಲ್ಲ ಹೋಗುತ್ತದೆ. ಅಮೆಜಾನ್‌ನ ಕ್ಲೌಡ್ ವಿಭಾಗ 2022ರ ನವೆಂಬರ್‌ನಲ್ಲಿ ಹೈದರಾಬಾದಿನಲ್ಲೇ ತನ್ನ ರೀಜನ್ ತೆರೆದಿದೆ. ಆದರೆ ಊರಲ್ಲಿ ಡೇಟಾ ಸೆಂಟರ್ ಇದೆ ಎಂದಮಾತ್ರಕ್ಕೆ ನಮ್ಮ ಪ್ರಶ್ನೆ ಅಲ್ಲಿಗೇ ಹೋಗುತ್ತದೆ ಎಂದಲ್ಲ. ಬೇಕಾದ ಮಾದರಿ ಆ ರೀಜನ್‌ನಲ್ಲಿ ಸಿಗಬೇಕು. ಕೆಲವು ಸೇವೆಗಳಲ್ಲಿ ವಿನಂತಿಯನ್ನು ಬೇರೆ ರೀಜನ್‌ಗೆ ದಾಟಿಸುವ ಏರ್ಪಾಡೂ ಇದೆ. ಕಳಿಸಿದ್ದನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಮಾದರಿಯ ತರಬೇತಿಗೆ ಬಳಸುತ್ತಾರೆಯೇ ಎಂಬ ಎರಡು ಷರತ್ತುಗಳನ್ನು ಓದಲೇಬೇಕು.

ನಾವು ಪುಸ್ತಕಗಳನ್ನು ಎರಡು ಭಾಗ ಮಾಡಿದೆವು. ನಾಟಕ, ಉಪನ್ಯಾಸ, ಗ್ರಂಥಾಲಯ, ಚುನಾವಣೆಯ ಪುಟಗಳು ಕ್ಲೌಡಿಗೆ. ಸಾಲ, ಕಾಯಿಲೆ, ಜಗಳದ ಪುಟಗಳು ಲ್ಯಾಪ್‌ಟಾಪಿನಲ್ಲೇ. ಅವಕ್ಕೆ ಒಲಾಮಾ ಮೂಲಕ ಓಡುವ ಪುಟ್ಟ ಮಾದರಿ. ಅದು ನಿಧಾನ, ಕನ್ನಡವೂ ಅಷ್ಟಕ್ಕಷ್ಟೆ. ಆದರೆ ಇಂಟರ್ನೆಟ್ ತೆಗೆದರೂ ಕೆಲಸ ಮಾಡುತ್ತದೆ, ಪುಟ ಹೊರಗೆ ಹೋಗುವುದಿಲ್ಲ.

ಕ್ಲೌಡಿನ ದೊಡ್ಡ ಮಾದರಿಯ ಕನ್ನಡ ಸೊಗಸಾಗಿತ್ತು, ಅದೇ ಅಪಾಯ. ಪುಸ್ತಕದಲ್ಲಿ ಎಲ್ಲೂ ಇಲ್ಲದ ನಿರ್ಣಯವೊಂದನ್ನು ಅದು ಸರ್ವಾನುಮತದಿಂದ ಪಾಸು ಮಾಡಿಬಿಟ್ಟಿತ್ತು! ಆ ಸಭೆಯಲ್ಲಿ ಕೂತಿದ್ದ ಹಿರಿಯರು ಎದುರಿಗಿದ್ದರಿಂದ ಗೊತ್ತಾಯಿತು. ಈಗ ಪ್ರತಿ ಉತ್ತರಕ್ಕೂ ಪುಟಸಂಖ್ಯೆ, ಮೂಲ ವಾಕ್ಯ ಕೊಡಬೇಕೆಂದು ಸೂಚನೆ ಬರೆದಿದ್ದೇವೆ. ಪುಟ ತೆರೆದು ನೋಡುವ ಕೆಲಸ ಮನುಷ್ಯರದ್ದೇ.

ಮುಂಬೈ, ಚೆನ್ನೈ, ದೆಹಲಿಯ ಕನ್ನಡ ಸಂಘಗಳ ಕಪಾಟುಗಳಲ್ಲೂ ಇಂಥ ಪುಸ್ತಕಗಳಿರುತ್ತವೆ. ಅವುಗಳನ್ನು ಟೈಪ್ ಮಾಡಿ, ಹುಡುಕುವಂತೆ ಮಾಡಿ. ಗೆದ್ದಲು ತಿನ್ನುವುದಕ್ಕಿಂತ ಅದು ಸಾವಿರ ಪಾಲು ಮೇಲು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಗೆ ಮಹತ್ವ ಕೊಡುತ್ತದೆ ಎಂಬುದು ನೆನಪಿರಲಿ. ಕಾಯ್ದೆ ಇಲ್ಲದಿದ್ದರೂ, ಕಷ್ಟಕಾಲದಲ್ಲಿ ಸಂಘವನ್ನು ನಂಬಿ ಬಾಗಿಲಿಗೆ ಬಂದವರ ಹೆಸರು ಅದು. ಕೀ ಒತ್ತುವ ಮೊದಲು ಆ ಮನೆಯವರಿಗೆ ಒಂದು ಫೋನ್ ಮಾಡಿ. ನಾವು ಮಾಡಿದ ಕರೆಗಳಲ್ಲಿ ಹೆಚ್ಚಿನವರು “ಹಾಕ್ರಿ, ಅಡ್ಡಿ ಇಲ್ಲ” ಎಂದರು. ಇಬ್ಬರು ಬೇಡ ಎಂದರು. ಆ ಪುಟಗಳು ಈಗಲೂ ಕಾಗದದಲ್ಲೇ ಇವೆ.