ಕೆಂಪು ನೋಟ್‌ಬುಕ್ಕಿನ ಮೇಷ್ಟ್ರು

ಎಂಟು ವರ್ಷದ ಹುಡುಗ. ಹೆಗಲ ಮೇಲೆ ಬೇರೆಯವರ ಗಾಲ್ಫ್ ಬ್ಯಾಗು. ಅಮೆರಿಕದ ಆಸ್ಟಿನ್ ಕಂಟ್ರಿ ಕ್ಲಬ್‌ನಲ್ಲಿ ಹೀಗೆ ಕ್ಯಾಡಿಯಾಗಿ ಸೇರಿದವರು ಹಾರ್ವಿ ಪೆನಿಕ್.

ಮುಂದೆ 1931ರಿಂದ 1963ರವರೆಗೆ ಟೆಕ್ಸಾಸ್ ವಿಶ್ವವಿದ್ಯಾಲಯದ ಗಾಲ್ಫ್ ಕೋಚ್. ಸೌತ್‌ವೆಸ್ಟ್ ಕಾನ್ಫರೆನ್ಸ್ ಅನ್ನೋ ಕಾಲೇಜು ಲೀಗಿನ ಪಟ್ಟ 21 ಸಲ. ಲೆಕ್ಕ ಸಾಕು ಬಿಡಿ, ಸ್ವಾರಸ್ಯ ಇರೋದು ಅವರು ಕಲಿಸಿದ ರೀತಿಯಲ್ಲಿ.

ಬೆನ್ ಕ್ರೆನ್‌ಶಾ, ಟಾಮ್ ಕೈಟ್ ಎಂಬ ಗಾಲ್ಫ್ ಆಟಗಾರರಿಬ್ಬರೂ ಚಿಕ್ಕಂದಿನಿಂದ ಅವರ ಶಿಷ್ಯರು. ಆದರೆ ಒಬ್ಬನ ಪಾಠವನ್ನ ಇನ್ನೊಬ್ಬ ನೋಡೋ ಹಾಗಿಲ್ಲ! ಒಬ್ಬನಿಗೆ ಕೊಟ್ಟ ಮದ್ದು ಇನ್ನೊಬ್ಬನಿಗೆ ಒಗ್ಗಲ್ಲ ಅನ್ನೋದು ಮೇಷ್ಟ್ರ ನಂಬಿಕೆ.

ಕಂಡಿದ್ದು, ಕಲಿತಿದ್ದು ಎಲ್ಲವನ್ನೂ ಒಂದು ಕೆಂಪು ನೋಟ್‌ಬುಕ್ಕಲ್ಲಿ ಗುಟ್ಟಾಗಿ ಬರೆದಿಡ್ತಿದ್ರು. ಇಳಿವಯಸ್ಸಲ್ಲಿ ಅದನ್ನ ಲೇಖಕ ಬಡ್ ಶ್ರೇಕ್ ಕೈಗಿಟ್ಟರು. ಪ್ರಕಾಶಕರು 90,000 ಡಾಲರ್ ಅಂದಾಗ ಪೆನಿಕ್‌ಗೆ ಗಾಬರಿ: ಅಷ್ಟು ದುಡ್ಡು ನಾನೆಲ್ಲಿಂದ ತರಲಿ? ಆ ದುಡ್ಡು ಕೊಡೋರು ಪ್ರಕಾಶಕರೇ ಅಂತ ಆಮೇಲೆ ಬಿಡಿಸಿ ಹೇಳಬೇಕಾಯ್ತು. ಪಾಪ, ಅಂಥ ಮನುಷ್ಯ! 1992ರಲ್ಲಿ ಬಂದ ಆ ‘ಲಿಟಲ್ ರೆಡ್ ಬುಕ್’ ಲಕ್ಷಗಟ್ಟಲೆ ಮಾರಾಟವಾಯ್ತು.

1995ರ ಏಪ್ರಿಲ್ 2. ತೊಂಬತ್ತರ ಪೆನಿಕ್ ತೀರಿಕೊಂಡರು. ಬುಧವಾರ ಕ್ರೆನ್‌ಶಾ, ಕೈಟ್ ಇಬ್ಬರೂ ಆಸ್ಟಿನ್‌ಗೆ ಹೋಗಿ ಗುರುವಿನ ಶವಪೆಟ್ಟಿಗೆಗೆ ಹೆಗಲು ಕೊಟ್ಟರು. ಮರುದಿನವೇ ಅಗಸ್ಟಾದಲ್ಲಿ ಮಾಸ್ಟರ್ಸ್ ಗಾಲ್ಫ್ ಟೂರ್ನಿ ಶುರು. ಕ್ರೆನ್‌ಶಾಗೆ ಆಗ 43. ಗೆಲ್ತಾರೆ ಅಂತ ಹೆಚ್ಚು ಜನ ಎಣಿಸಿರಲಿಲ್ಲ.

ಭಾನುವಾರ, ಕೊನೇ ಹೊಡೆತಕ್ಕೆ ಚೆಂಡು ಗುಳಿ ಸೇರಿತು, ಮಾಸ್ಟರ್ಸ್ ಗೆದ್ದಾಯ್ತು. ಕ್ರೆನ್‌ಶಾ ಸೊಂಟ ಬಗ್ಗಿಸಿ, ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಗಾಲ್ಫ್ ಬ್ಯಾಗಲ್ಲಿ 14 ಕ್ಲಬ್‌ಗೆ (ಆಡೋ ಕೋಲಿಗೆ) ಮಾತ್ರ ಅವಕಾಶ. ನನ್ನ ಹತ್ತಿರ ಹದಿನೈದನೇದೂ ಇತ್ತು, ಅದು ಹಾರ್ವಿ ಅಂದರು ಕ್ರೆನ್‌ಶಾ.