ಹೊಲಕ್ಕೆ ಯಾವ ಕೋವಿ?

ಮೊಬೈಲ್ ಗೇಮ್‌ನಲ್ಲಿ ಯಾವ ರೈಫಲ್ ಒಳ್ಳೆಯದೆಂದು ನಾವು ಗೆಳೆಯರು ವಾದ ಮಾಡುತ್ತೇವೆ. ಶಿಕಾರಿಪುರ, ಸೊರಬದ ರೈತರ ಆಯ್ಕೆ ಬೇರೆ. ಮೆಕ್ಕೆಜೋಳ, ಭತ್ತಕ್ಕೆ ನುಗ್ಗುವ ಕಾಡುಹಂದಿಯನ್ನು ಬೆದರಿಸಲು ಬೆಳೆ ರಕ್ಷಣೆಯ ಪರವಾನಗಿ ಪಡೆದವರು ಸಾಮಾನ್ಯವಾಗಿ ಇಟ್ಟುಕೊಳ್ಳುವುದು ಒಂಟಿ ಅಥವಾ ಜೋಡಿ ನಳಿಗೆಯ ಕೋವಿ. ರೈಫಲ್ ಗುಂಡು ಬಹುದೂರ ಹೋಗುತ್ತದೆ. ಹೊಲದಾಚೆ ಮನೆಗಳಿದ್ದರೆ ಅಪಾಯ. ಕೋವಿಯ ತೋಟೆಯೊಳಗಿನ ಸಣ್ಣ ಚರೆಗಳು ಹರಡಿಕೊಂಡು ಬೇಗ ಬಲ ಕಳೆದುಕೊಳ್ಳುತ್ತವೆ.

1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ 21 ವರ್ಷ ತುಂಬದವರಿಗೆ ಪರವಾನಗಿ ಇಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಪರವಾನಗಿಯ ಅವಧಿ 5 ವರ್ಷ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸುವಂತೆ ಆದೇಶ ಬರುತ್ತದೆ. ಪರವಾನಗಿ ಇದ್ದ ಮಾತ್ರಕ್ಕೆ ಬೇಟೆಯಾಡಲು ಆಗುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಅದನ್ನು ತಡೆಯುತ್ತದೆ.

ನಮಗಿನ್ನೂ 17. ಅಪ್ಪನ ಹೆಸರಿನ ಕೋವಿಯನ್ನು ಅವರಿಲ್ಲದಾಗ ರಾತ್ರಿ ಕಾವಲಿಗೆ ಒಯ್ದರೂ ಅಪರಾಧವೇ. ಮನೆಯಲ್ಲಿ ಕೋವಿ ಇರುವ ಗೆಳೆಯರು ಇದನ್ನು ನೆನಪಿಡಿ.