ನಾಲ್ಕು ಸಲಾಕೆ, ಸಾವಿರ ಚೌಕ

ಉಮ್ಮತ್ತೂರು ಕಡೆ ಬೋರ್ ಕೊರೆಸುವ ಮುಂಚೆ ಪಾಯಿಂಟ್ ನೋಡಿಸದವರು ಕಡಿಮೆ. ತೆಂಗಿನಕಾಯಿ, ಬೇವಿನ ಕವೆಕಡ್ಡಿ ಹಿಡಿದವರಷ್ಟೇ ಅಲ್ಲ, ಬ್ಯಾಟರಿ, ವೈರು, ನಾಲ್ಕು ಸಲಾಕೆ ಹೊತ್ತವರೂ ಬರುತ್ತಾರೆ. ಹೊರಗಿನ ಎರಡು ಸಲಾಕೆಯಿಂದ ನೆಲಕ್ಕೆ ಕರೆಂಟ್ ಕೊಟ್ಟು, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತಾರೆ. ಗಟ್ಟಿ ಬಂಡೆ ಕರೆಂಟನ್ನು ತಡೆಯುತ್ತದೆ. ನೀರು ಕುಡಿದ ಶಿಥಿಲ ಕಲ್ಲು ಹರಿಯಗೊಡುತ್ತದೆ. ಆದರೆ ಮೀಟರು ಕೊಡುವುದು ಬರೀ ಅಂಕಿ. ಅಂಕಿಯಿಂದ ನೆಲದ ಒಳಗನ್ನು ಕಾಣಿಸುವುದು ಲೆಕ್ಕ.

1912ರಲ್ಲಿ ಕಾನ್ರಾಡ್ ಶ್ಲುಂಬರ್ಜರ್ ಫ್ರಾನ್ಸಿನ ನಾರ್ಮಂಡಿಯಲ್ಲಿ ಈ ಪ್ರಯೋಗಕ್ಕೆ ಕೈಹಾಕಿದರು. ನೆಲ ಪದರ ಪದರವಾಗಿ ಮಲಗಿದ್ದರೆ ಎಷ್ಟು ವೋಲ್ಟೇಜ್ ಬರಬೇಕು ಎಂಬ ಸೂತ್ರವನ್ನು 1930ರಲ್ಲಿ ಸ್ಟೆಫಾನೆಸ್ಕು ಅವರೂ ಶ್ಲುಂಬರ್ಜರ್ ಸೋದರರೂ ಸೇರಿ ಬರೆದರು. ಕೈಯಲ್ಲಿ ಬಿಡಿಸಲು ಅದು ಬಲು ಕಷ್ಟ. ಹಾಗಾಗಿ ಮೊದಲೇ ಮುದ್ರಿಸಿಟ್ಟ ರೇಖೆಗಳ ಮೇಲೆ ತಮ್ಮ ರೇಖೆಯನ್ನಿಟ್ಟು ಹೋಲಿಸುವುದೇ ಬಹುಕಾಲದ ರೂಢಿಯಾಯಿತು. 1971ರಲ್ಲಿ ಡೆಲ್ಫ್ಟ್‌ನಲ್ಲಿ ಡಿ.ಪಿ. ಘೋಷ್ ಆ ಸೂತ್ರದ ಅನುಕಲನವನ್ನು ಕೆಲವೇ ಗುಣಾಕಾರಗಳ ಮೊತ್ತಕ್ಕೆ ಇಳಿಸಿದರು. ಈ ಇಡೀ ಕಥೆಯಲ್ಲಿ ನನಗೆ ಅತಿ ಪ್ರಿಯವಾದ ತಿರುವು ಇದು.

ಆದರೂ ನಮ್ಮ ಕಡೆಯ ನೀಸ್ ಎಂಬ ಶಿಲೆ ಪದರವಾಗಿ ಮಲಗಿಲ್ಲ. ಅದು ಬಿರುಕುಗಳ ಉದ್ದಕ್ಕೂ ಶಿಥಿಲವಾಗಿರುತ್ತದೆ. ಒಂದು ಕಡೆ ಆಳಕ್ಕೆ, ಪಕ್ಕದಲ್ಲೇ ಮೇಲ್ಗಡೆ ಮಾತ್ರ. ಇಂಥ ನೆಲಕ್ಕೆ ಬೇರೆ ಉಪಾಯ ಬೇಕಿತ್ತು: ಅದನ್ನು ಸಾವಿರಾರು ಚೌಕಗಳಾಗಿ ಒಡೆದು, ಪ್ರತಿ ಚೌಕಕ್ಕೂ ಒಂದು ರೋಧ ಕೊಟ್ಟು, ಒಳಹೋದ ಕರೆಂಟು ಹೊರಬಂದ ಕರೆಂಟಿಗೆ ಸಮ ಎಂಬ ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವುದು. 1979ರಲ್ಲಿ ಡೇ ಮತ್ತು ಮಾರಿಸನ್ ಈ ದಾರಿಯನ್ನು ಗಟ್ಟಿಮಾಡಿದರು. 1996ರಲ್ಲಿ ಲೋಕೆ ಮತ್ತು ಬಾರ್ಕರ್ ಊಹೆಯ ನೆಲವನ್ನು ಅಳತೆಗೆ ಹೊಂದುವವರೆಗೆ ಮತ್ತೆ ಮತ್ತೆ ತಿದ್ದುವ ವೇಗದ ವಿಧಾನ ಕೊಟ್ಟರು.

ಈ ವಿಧಾನ ಗುಂಡ್ಲುಪೇಟೆ ತಾಲ್ಲೂಕಿಗೂ ಬಂತು. ಬಂಡೀಪುರದ ಮೂಲೆಹೊಳೆ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರೆಂಚ್ ವಿಜ್ಞಾನಿಗಳೂ 2004ರ ಮುಂಗಾರಿನಲ್ಲೂ ಮಳೆ ನಿಂತ ಮೇಲೂ ಒಂದೇ ಜಾಗವನ್ನು ಅಳೆದರು. ಅಂತರ್ಜಲಕ್ಕೆ ನೀರು ಇಂಗುವುದು ಎಲ್ಲಿ, ಮಳೆಗಾಲದಲ್ಲಷ್ಟೇ ಹರಿಯುವ ಹಳ್ಳದ ತಳದಲ್ಲೇ? ಅವರ ಪ್ರಶ್ನೆ ಇದು.

ಇಲ್ಲಿ ಲೆಕ್ಕದ ಮಿತಿಯೂ ಇದೆ. ಬೇರೆ ಬೇರೆ ನೆಲಗಳು ಒಂದೇ ಅಂಕಿ ಕೊಡಬಹುದು. ಜೇಡಿಮಣ್ಣೂ ನೀರಿನಂತೆಯೇ ಕರೆಂಟನ್ನು ಹರಿಯಗೊಡುತ್ತದೆ. ಹಾಗಾಗಿ ಮೂಲೆಹೊಳೆಯಲ್ಲಿ ಅವರು ಕಾಂತೀಯ ಅನುರಣನದ ಅಳತೆಯನ್ನೂ ಜೊತೆಗಿಟ್ಟುಕೊಂಡರು. ನೆಲದ ಮೇಲೆ ಹಾಸಿದ ತಂತಿಯ ಸುತ್ತು, ನೀರಿನಲ್ಲಿರುವ ಹೈಡ್ರೋಜನ್ ಕೊಡುವ ಸಂಕೇತವನ್ನೇ ಹಿಡಿಯುತ್ತದೆ. ಹೋಲಿಸಿ ನೋಡಲು ಕೊಳವೆಬಾವಿಗಳ ನೀರಿನ ಮಟ್ಟವೂ ಪಕ್ಕದಲ್ಲಿತ್ತು.